ಫೋನಿಗೆ ಸಿಗದ ಮಂದ್ರ

"ಮೇಡಂ, ಆ ಲೋಟಾನ ಸ್ಪೀಕರ್ ಮೇಲಿಂದ ತೆಗೀರಿ. ನಾನು ಬೇಸ್ ಶುರು ಮಾಡಿದ್ರೆ ಅದು ಸೀದಾ ನಿಮ್ಮ ತೊಡೆ ಮೇಲೇ ಬರೋದು."

ನಾನು ತೆಗೆಯಲಿಲ್ಲ. ಲೋಟದಲ್ಲಿ ಅರ್ಧ ಬಾರ್ಲಿ ಚಹಾ ಉಳಿದಿತ್ತು. ಬಿದ್ದರೆ ಬೀಳಲಿ. ಬಾಂಗ್ ಇಲ್ಹೂ ಬುದ್ಧಿ ಹೇಳಿದಷ್ಟೂ ನನಗೆ ಹಠ ಹೆಚ್ಚುತ್ತಿತ್ತು. ಅದು ನನ್ನ ಹುಟ್ಟುಗುಣ. ಪೊಲೀಸ್ ಇಲಾಖೆಯಲ್ಲಿದ್ದಷ್ಟು ಕಾಲ ಮೇಲಿನವರು ಅದನ್ನು ತಿದ್ದಲು ಹೆಣಗಿ ಕೈಚೆಲ್ಲಿದ್ದರು.

"ಶುರು ಮಾಡಪ್ಪಾ," ಎಂದೆ. "ತೊಡೆ ನಂದು, ಚಹಾ ನಿಂದು."

ಅವನು ನಗಲಿಲ್ಲ. ಸಿಯೋಲ್‌ನ ಮಾಂಗ್ವನ್ ಮಾರುಕಟ್ಟೆಯ ಹಿಂದಿನ ನೆಲಮಾಳಿಗೆ ಅದು. ಗೋಡೆ ತುಂಬ ಕಪ್ಪು ಸ್ಪಂಜು, ಮೂಲೆಯಲ್ಲಿ ಒಣಗದ ಛತ್ರಿ, ಎಲ್ಲ ಕಡೆ ಹಳಸಿದ ನೂಡಲ್ ವಾಸನೆ. ಹಾಡುಗಳಿಗೆ ಕಂಪ್ಯೂಟರಿನಲ್ಲಿ ಬೇಸ್, ಅಂದರೆ ಅಡಿಯಲ್ಲಿ ಗುಡುಗುವ ಮಂದ್ರದ ದನಿ, ಕಟ್ಟಿಕೊಡುವುದು ಇಲ್ಹೂನ ಕಸುಬು. ನಲವತ್ತು ದಾಟಿದ್ದ. ಈ ಕಸುಬಿನ ಹುಡುಗರೆಲ್ಲ ಅವನನ್ನು 'ಅಣ್ಣ' ಎನ್ನುತ್ತಿದ್ದರು. ಅವರಲ್ಲಿ ಒಬ್ಬ ಮಾ ದೋಗ್ಯಮ್.

ಮಂಗಳವಾರ ರಾತ್ರಿ ಮನೆ ಬಿಟ್ಟ ದೋಗ್ಯಮ್‌ನ ಬೂಟುಗಳು ಬುಧವಾರ ಬೆಳಗಿನ ಜಾವ ಹಾನ್ ನದಿಯ ದಂಡೆಯಲ್ಲಿ, ಬಾಗಿಲ ಬಳಿ ಬಿಚ್ಚಿಟ್ಟ ಹಾಗೆ ನೀಟಾಗಿ ಜೋಡಿಸಿದ ಸ್ಥಿತಿಯಲ್ಲಿ ಸಿಕ್ಕಿದ್ದವು. ಮೈ ಮಾತ್ರ ಸಿಕ್ಕಿರಲಿಲ್ಲ. ಶುಕ್ರವಾರ ಅವನ ಅಕ್ಕ ಯೋನ್ರಿ ನನ್ನ ಪತ್ತೇದಾರಿ ಆಫೀಸಿಗೆ ಬಂದು ನನ್ನೆರಡೂ ಕೈ ಹಿಡಿದುಕೊಂಡು, "ಜೀವ ಇದ್ರೂ ಸರಿ, ಹೆಣ ಆದ್ರೂ ಸರಿ, ನನ್ನ ತಮ್ಮನ್ನ ಹುಡುಕಿಕೊಡಿ ಅಕ್ಕಾ" ಎಂದಿದ್ದಳು. ಇವತ್ತು ಸೋಮವಾರ. ನದಿಯಲ್ಲಿ ಹುಡುಕುವವರು ದೋಣಿ ವಾಪಸು ತೆಗೆದುಕೊಂಡು ಹೋಗಿದ್ದರು.

"ಏನಿದು ಎಳ್ಳೆಣ್ಣೆ ವಾಸನೆ?" ಇಲ್ಹೂ ಮೂಗರಳಿಸಿದ.

"ನನ್ನ ಚೀಲ. ಯೋನ್ರಿಯ ಗಿರಣಿಯಿಂದ ಸೀದಾ ಬರ್ತಾ ಇದ್ದೀನಿ."

ಅವಳ ಹೆಸರು ಕೇಳಿದ್ದೇ ಅವನು ಮೌಸಿನತ್ತ ತಿರುಗಿದ.

ಬೆಳಿಗ್ಗೆ ನೋಡಿದ್ದು ಇನ್ನೂ ನನ್ನ ಕಣ್ಣಲ್ಲೇ ಇತ್ತು. ಮನೆಮನೆಯಲ್ಲಿ ಚಳಿಗಾಲಕ್ಕೆ ಕಿಮ್ಚಿ ಉಪ್ಪಿನಕಾಯಿ ಹಾಕುವ ಕಾಲ, ಗಿರಣಿಯ ಮುಂದೆ ಮೆಣಸಿನಕಾಯಿ ಮೂಟೆಗಳ ಸಾಲು. ತಮ್ಮ ನದಿಪಾಲಾದ ಎಂದು ಊರೆಲ್ಲ ಆಡಿಕೊಳ್ಳುತ್ತಿದ್ದರೂ ಯೋನ್ರಿ ಮೊಣಕೈವರೆಗೆ ಕೆಂಪು ಹಚ್ಚಿಕೊಂಡು ಯಂತ್ರಕ್ಕೆ ಮೆಣಸು ಸುರಿಯುತ್ತಿದ್ದಳು. ಆ ಯಂತ್ರವೋ, ಗೊರ್ರ್ ಎಂದು ತಿರುಗುತ್ತ ಸುತ್ತಿಗೊಂದು ಸಲ 'ಟಕ್' ಎಂದು ಕುಂಟುತ್ತಿತ್ತು.

"ಬುಧವಾರ ಬೆಲ್ಟು ಹರೀತು ಅಕ್ಕಾ. ಈ ಗಡಿಬಿಡೀಲಿ ಮೆಕ್ಯಾನಿಕ್ ಎಲ್ಲಿ ಸಿಕ್ತಾನೆ? ನಾನೇ ಕಬ್ಬಿಣದ ಕೊಂಡಿ ಹಾಕಿ ಬಿಗಿದೆ. ಅವತ್ತಿಂದ ಹೀಗೇ ಟಕ್ ಅಂತ ತಲೆ ಚಿಟ್ಟು ಹಿಡಿಸ್ತಿದೆ."

ಒಳಕೋಣೆಯ, ಅಡಿಯಿಂದ ಕಾಯಿಸಿದ ಬೆಚ್ಚನೆಯ ನೆಲದ ಮೇಲೆ, ಕಂಬಳಿಯೊಳಗೆ ಮುಚ್ಚಳವಿದ್ದ ಹಿತ್ತಾಳೆ ಬಟ್ಟಲು ಹುದುಗಿಸಿಟ್ಟಿದ್ದಳು. ಮನೆಯವರು ದೂರ ಹೋದಾಗ ಅವರ ಪಾಲಿನ ಅನ್ನವನ್ನು ಹಾಗೆ ಬಿಸಿಯಾಗಿಡುವುದು ನಮ್ಮಮ್ಮನ ಕಾಲದ ರೂಢಿ. ಈಗ ಯಾರೂ ಮಾಡುವುದಿಲ್ಲ. "ರಾತ್ರಿ ಇಟ್ಟಿದ್ದು," ಎಂದಳು. "ಎಲ್ಲಿದ್ದಾನೋ, ಹಸ್ಕೊಂಡಿರಬಾರದು ಅಂತ." ಕೂರಲು ಜಾಗ ಮಾಡಿಕೊಳ್ಳಲು ನಾನೇ ಬಟ್ಟಲನ್ನೆತ್ತಿ ಆಚೆ ಇಟ್ಟೆ. ಹಗುರವಾಗಿತ್ತು. ಪಾಪ, ದುಃಖದಲ್ಲಿ ಅಳತೆ ತಪ್ಪಿ ಒಂದೇ ತುತ್ತು ಹಾಕಿದ್ದಾಳೆ ಎಂದುಕೊಂಡೆ.

ಅಷ್ಟರಲ್ಲಿ ಒಳಕೋಣೆಯ ಹಳೇ ಫೋನು ಬಡಿದುಕೊಂಡಿತು. ಯೋನ್ರಿ ಮೊದಲು ಬೀದಿಬಾಗಿಲಿಗೆ ಓಡಿ ಗೋಡೆಯ ಮೇಲಿನ ದಪ್ಪ ಗುಂಡಿ ಒತ್ತಿ ಯಂತ್ರ ನಿಲ್ಲಿಸಿ, ಮತ್ತೆ ಒಳಕ್ಕೆ ಓಡಿ ಬರುವಷ್ಟರಲ್ಲಿ ಅದು ನಿಂತೇಹೋಯಿತು. "ಒಬ್ಬಳೇ ಆದ್ರೆ ಹೀಗೇ ನೋಡಿ," ಎಂದು ಏದುಸಿರು ಬಿಟ್ಟಳು. ದೋಗ್ಯಮ್ ಗಿರಣಿಗೆ ಬಂದು ಎಷ್ಟು ದಿನವಾಯಿತು ಎಂದು ಕೇಳಿದೆ. ಬೇಸಿಗೆಯಲ್ಲಿ ಜಗಳವಾಡಿಕೊಂಡು ಹೋದವನು ಹೊಸ್ತಿಲು ತುಳಿದಿಲ್ಲ ಎಂದು ಕಣ್ಣೊರೆಸಿಕೊಂಡಳು. ಮೆಣಸಿನ ಕೈ, ಕಣ್ಣು ಇನ್ನಷ್ಟು ಉರಿದಿರಬೇಕು. ಹೊರಡುವಾಗ ಬೇಡವೆಂದರೂ ಕೇಳದೆ, ಖಾಲಿ ಸೋಜು ಮದ್ಯದ ಬಾಟಲಿಗೆ ಎಳ್ಳೆಣ್ಣೆ ತುಂಬಿ ಚೀಲಕ್ಕೆ ತುರುಕಿದಳು.

"ಮಂಗಳವಾರದ್ದು ಇನ್ನೊಂದು ಸಲ ಹೇಳಪ್ಪಾ," ಎಂದೆ ಇಲ್ಹೂಗೆ.

"ಎಷ್ಟು ಸಲ ಹೇಳೋದು? ಸಂಜೆ ಬೇಸ್ ಕಳಿಸಿದ. ನಾನು ನೂಡಲ್ ಅಂಗಡೀಲಿದ್ದೆ. ಉಂಡ ಬಟ್ಟಲಲ್ಲೇ ಫೋನ್ ಇಟ್ಟು ಕೇಳಿದೆ. ಬಟ್ಟಲೊಳಗೆ ಇಟ್ರೆ ಶಬ್ದ ದೊಡ್ಡದಾಗುತ್ತೆ. ಚೆನ್ನಾಗಿತ್ತು. 'ಭೇಷ್ ತಮ್ಮಾ' ಅಂತ ಮನಸಲ್ಲೇ ಅಂದ್ಕೊಂಡೆ. ಅಷ್ಟೇ. ಆಮೇಲೆ ಅವನಿಂದ ಒಂದಕ್ಷರ ಬರ್ಲಿಲ್ಲ."

"ಇಷ್ಟು ದೊಡ್ಡ ಸ್ಪೀಕರ್ ಇಟ್ಕೊಂಡು ಎಂಜಲು ಬಟ್ಟಲಲ್ಲಿ ಯಾಕೆ ಕೇಳ್ತೀಯ?"

"ಜನ ಹಾಡು ಕೇಳೋದು ಫೋನಲ್ಲಿ ತಾನೇ ಮೇಡಂ? ಅಲ್ಲಿ ಕೇಳದೇ ಇರೋ ಬೇಸ್ ಇದ್ದರೆಷ್ಟು, ಬಿಟ್ಟರೆಷ್ಟು? ಮೊದಲು ಫೋನು, ಆಮೇಲೆ ಮಿಕ್ಕಿದ್ದು. ನಮ್ಮ ಕಸುಬಿನವರೆಲ್ಲ ಹಾಗೇ."

"ಬಟ್ಟಲಲ್ಲಿ ಜೋರಾಗಿ ಕೇಳಿಸ್ತಾ?"

"ಗುಡುಗಿತು ಅನ್ನಿ. ಅಂಗಡಿ ಅತ್ತೆ ಬೈದ್ರು, ಕೇಳಿ ಬೇಕಾದ್ರೆ."

"ಕೇಳ್ದೆ," ಎಂದೆ. "ಬೈದಿದ್ದು ನಿಜ ಅಂದ್ರು."

ಅವನ ಭುಜ ಸಡಿಲವಾಯಿತು. ನಾನು ಚೀಲದಿಂದ ಪುಟ್ಟ ಪೆನ್‌ಡ್ರೈವ್ ತೆಗೆದು ಅವನ ಮುಂದಿಟ್ಟೆ.

"ದೋಗ್ಯಮ್‌ನ ಲ್ಯಾಪ್‌ಟಾಪ್‌ನಲ್ಲಿದ್ದ ಕೊನೇ ಶಬ್ದ. ಮಂಗಳವಾರ ಸಂಜೆ ಉಳಿಸಿಟ್ಟಿದ್ದು. ಯೋನ್ರಿ ಲ್ಯಾಪ್‌ಟಾಪ್ ತಂದುಕೊಟ್ಟಳು. ನನ್ನ ಫೋನಿಗೆ ಹಾಕ್ಕೊಂಡು ಮೆಟ್ರೋದಲ್ಲಿ ಕೇಳೋಣ ಅಂತ ಒತ್ತಿದ್ರೆ ಪಿಟ್ಟೆನ್ನಲಿಲ್ಲ. ಫೋನು ಕೆಟ್ಟಿದೆ ಅಂತ ಅಂಗಡಿಗೆ ತಗೊಂಡು ಹೋದೆ. ಆ ಹುಡುಗ, 'ಫೋನು ಚೆನ್ನಾಗಿದೆ ಅಮ್ಮಾ, ಕಿವಿ ಒಂದ್ಸಲ ತೋರಿಸ್ಕೊಳ್ಳಿ' ಅಂದ. ಕಪಾಳಕ್ಕೆ ಬಿಡೋಣ ಅನ್ನಿಸ್ತು."

ಇಲ್ಹೂ ಮೊದಲ ಸಲ ನಕ್ಕ. ಕಸುಬಿನ ಮಾತು ಬಂದರೆ ಇಂಥವರಿಗೆ ಮೈಮರೆವು. ಪೆನ್‌ಡ್ರೈವ್ ಚುಚ್ಚಿದ, ಗುಂಡಿ ಒತ್ತಿದ.

ಕಿವಿಗೆ ಏನೂ ಕೇಳಲಿಲ್ಲ. ಆದರೆ ಕುರ್ಚಿ ನಡುಗಿತು, ನನ್ನ ಹೊಟ್ಟೆಯೊಳಗೆ ಯಾರೋ ಕೈಯಿಟ್ಟು ಅಲುಗಿಸಿದಂತಾಯಿತು. ಲೋಟ ಸ್ಪೀಕರ್ ಮೇಲೆ ಇಷ್ಟಿಷ್ಟೇ ಜರುಗುತ್ತ ಅಂಚಿಗೆ ಬಂತು. ನಾನು ಹಿಡಿದುಕೊಂಡೆ.

"ಕಿವಿ ಸರಿಯಾಗೇ ಇದೆ ನಿಮ್ದು," ಇಲ್ಹೂ ಉತ್ಸಾಹದಿಂದ ಹೇಳಿದ. "ಇದು ಬರೀ ಕೆಳಗಿನ ಅಲೆ. ನಯವಾಗಿ, ದುಂಡಗೆ. ಇದು ಕಿವಿಗಲ್ಲ, ಹೊಟ್ಟೆಗೆ. ಫೋನಿನ ಸ್ಪೀಕರ್ ಕಡಲೆಕಾಳಿನಷ್ಟಿರುತ್ತೆ, ಇಷ್ಟು ಆಳದ್ದನ್ನ ಎತ್ತೋ ತಾಕತ್ತು ಅದಕ್ಕೆಲ್ಲಿದೆ? ಅದಕ್ಕೇ ಇದರ ಮೇಲೆ ಒರಟು ಪದರ ಒಂದು ಹಾಕ್ತೀವಿ. ಫೋನಲ್ಲಿ ಕೇಳ್ಸೋದು ಆ ಪದರ ಮಾತ್ರ. ಕೆಳಗಿಂದನ್ನ ತಲೆ ತಾನಾಗೇ ತುಂಬ್ಕೊಳ್ಳುತ್ತೆ. ಇದರಲ್ಲಿ ಇನ್ನೂ ಆ ಪದರ ಹಾಕೇ..."

ಅಲ್ಲಿಗೆ ಅವನ ಬಾಯಿ ನಿಂತಿತು.

ಲೋಟದಲ್ಲಿ ಉಳಿದ ಚಹಾ ಕುಡಿದೆ. ತಣ್ಣಗಾಗಿತ್ತು.

"ಹಾಕೇ ಇಲ್ಲ," ಎಂದು ಅವನ ಮಾತು ನಾನೇ ಮುಗಿಸಿದೆ. "ಮಂಗಳವಾರ ಸಂಜೆ ಅವನ ಹತ್ರ ಇದ್ದ ಬೇಸ್ ಬಟ್ಟಲಲ್ಲಲ್ಲ, ಬಾವಿಯಲ್ಲಿಟ್ರೂ ಫೋನಿಗೆ ಸಿಗೋದಲ್ಲ. ನೀನು ಗುಡುಗಿಸಿದ್ದು ಯಾವುದಪ್ಪಾ?"

"ಅವನು... ಆಮೇಲೆ ಇನ್ನೊಂದು ಕಳಿಸಿರಬೇಕು. ರಾತ್ರಿ."

"ಈಗ ತಾನೇ ಸಂಜೆ ಅಂದೆ."

"ನೆನಪಿಲ್ಲ ಮೇಡಂ. ಎಷ್ಟೋ ಶಬ್ದ ಬರ್ತಾವೆ, ಎಷ್ಟೋ ಹೋಗ್ತಾವೆ."

"ಅಂಗಡಿ ಅತ್ತೆಗೆ ನೆನಪಿದೆ. ನೀನು ಬಟ್ಟಲು ಗುಡುಗಿಸಿದ ದಿನ ಆಕೆ ಬಾಗಿಲಿಗೆ ಓಡಿ ಹೋಗಿ ನೋಡಿದ್ರಂತೆ. ಮೊದಲ ಹಿಮ ಬೀಳ್ತಿತ್ತಂತೆ."

ಸಿಯೋಲ್‌ನಲ್ಲಿ ಹುಟ್ಟಿದವರು ಅವರವರ ಮದುವೆಯ ದಿನ ಮರೆತಾರು, ಆ ವರ್ಷದ ಮೊದಲ ಹಿಮ ಯಾವತ್ತು ಬಿತ್ತೆಂಬುದನ್ನು ಮರೆಯುವುದಿಲ್ಲ. ಅದು ಬಿದ್ದದ್ದು ಗುರುವಾರ. ಅಷ್ಟು ಹೊತ್ತಿಗೆ ದೋಗ್ಯಮ್‌ನ ಬೂಟು ಪೊಲೀಸರ ಚೀಲ ಸೇರಿ ಒಂದು ದಿನವಾಗಿತ್ತು.

ಇಲ್ಹೂ ಎದ್ದು ನಿಂತ. ಬಾಗಿಲ ಕಡೆ ನೋಡಿದ. ನಾನು ಕುರ್ಚಿಯನ್ನು ಬಾಗಿಲಿಗೆ ಅಡ್ಡವಾಗಿಯೇ ಹಾಕಿಕೊಂಡಿದ್ದೆ.

"ಕೂತ್ಕೋ," ಎಂದೆ. "ಅವನನ್ನ ಏನು ಮಾಡ್ದೆ?"

"ಅಯ್ಯೋ, ನಾನೇನು ಮಾಡ್ಲಿ? ಮುಟ್ಟಿಲ್ಲ ನಾನು ಅವನನ್ನ!"

"ಸತ್ತವನು ಎರಡು ದಿನ ಬಿಟ್ಟು ಬೇಸ್ ಕಳಿಸ್ತಾನಾ?"

"ಕಳಿಸಿದ!" ಎಂದು ಕಿರುಚಿದ. ಆಮೇಲೆ ಕುಸಿದು ಕೂತ. "ಆಣೆ ಮಾಡಿ ಹೇಳ್ತೀನಿ ಮೇಡಂ, ಗುರುವಾರ ಮಧ್ಯಾಹ್ನ ಬಂತು. ಯಾವುದೋ ಹೊಸ ಹೆಸರಿನ ಮೇಲ್. ಒಂದೇ ಸಾಲು: 'ಅಣ್ಣಾ, ಈಗ ಫೋನಲ್ಲೂ ಕೇಳುತ್ತೆ.' ಅಷ್ಟೇ."

ನನಗೆ ಬಂದದ್ದು ಸಿಟ್ಟು.

"ಅಂದ್ರೆ ಅವನು ಬದುಕಿದ್ದಾನೆ ಅಂತ ನಿನಗೆ ಗೊತ್ತಿತ್ತು. ಶನಿವಾರ ಆ ಹೆಣ್ಣುಮಗಳು ನದಿ ದಂಡೇಲಿ ಗಂಟಲು ಹರಿಯೋ ಹಾಗೆ ಅವನ ಹೆಸರು ಕೂಗ್ತಾ ಇದ್ಲು. ನೀನೂ ಪಕ್ಕದಲ್ಲಿ ನಿಂತಿದ್ದೆ. ಭುಜ ಹಿಡ್ಕೊಂಡು ಸಮಾಧಾನ ಬೇರೆ ಮಾಡ್ದೆ. ಬಾಯಲ್ಲಿ ಏನು ಇಟ್ಕೊಂಡಿದ್ದೆ?"

"ಖಾತ್ರಿ ಇರ್ಲಿಲ್ಲ..."

"ಸುಳ್ಳು."

ಅವನು ಮುಖ ಮುಚ್ಚಿಕೊಂಡ. "ಶುಕ್ರವಾರ ಕಂಪನಿಯವರಿಗೆ ಹಾಡು ಕೊಡಬೇಕಿತ್ತು. ದೋಗ್ಯಮ್ ಮಾಡಿದ ಬೇಸೇ ಅದರ ಜೀವ. ನನ್ನ ಹೆಸರಲ್ಲಿ ಕೊಟ್ಟೆ. ಅವರು ಕುಣಿದಾಡಿಬಿಟ್ರು ಮೇಡಂ. ಎಷ್ಟು ವರ್ಷ ಆಗಿತ್ತು, ನನ್ನ ಕೆಲಸಕ್ಕೆ ಯಾರಾದ್ರೂ ತಲೆದೂಗಿ. ಅವನು ಇಲ್ಲ ಅಂದ್ರೆ ಹೆಸರು ಕೇಳೋರು ಯಾರು? ಇದ್ದಾನೆ ಅಂದ್ರೆ..."

"ಅದಕ್ಕೆ ಸಾಯಿಸಿಬಿಟ್ಟೆ. ಕೈ ಹಚ್ಚದೆ."

ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯುವುದನ್ನು ಕೇಳಿದ್ದೆ. ಇವನು ಒಬ್ಬನ ಜೀವದ ಮೇಲೆಯೇ ಕಣ್ಣು ಮುಚ್ಚಿದ್ದ. ಥೂ ಎನ್ನಿಸಿತು. ಹಾಗೆಯೇ, ಹೇಳಲೇಬೇಕು, ನನ್ನೊಳಗೆ ಏನೋ ಜಿಗಿಯಿತು ಕೂಡ. ಗುರುವಾರದವರೆಗೂ ಹುಡುಗ ಉಸಿರಾಡುತ್ತಿದ್ದ! ಯೋನ್ರಿಗೆ ಈಗಲೇ ಫೋನ್ ಮಾಡಿ ಹೇಳಿಬಿಡಲೇ ಎಂದು ಕೈ ತುರಿಸಿತು. ತಡೆದುಕೊಂಡೆ. ಕಳಿಸಿದವನು ಅವನೇ ಎಂದು ಮೊದಲು ಖಾತ್ರಿಯಾಗಬೇಕಿತ್ತು.

"ಅವನ ಹೆಸರಲ್ಲಿ ಬೇರೆ ಯಾರೋ ಕಳಿಸಿರಬಹುದಲ್ಲ?"

"ಸಾಧ್ಯವೇ ಇಲ್ಲ," ಎಂದ ಇಲ್ಹೂ ತಲೆಯೆತ್ತದೆ. "ಅದು ಅವನ ಕೈಯೇ. ನಾವೆಲ್ಲ ಕಂಪ್ಯೂಟರಿನಲ್ಲಿ ಸಿದ್ಧವಾಗಿರೋ ಅಲೆಗಳನ್ನ ತಗೊಂಡು ತಿದ್ದುತೀವಿ. ಇವನು ಹಾಗಲ್ಲ. ಎಲ್ಲಿ ಕೂತಿರ್ತಾನೋ ಅಲ್ಲಿಯ ಶಬ್ದ ಯಾವುದಾದ್ರೂ ಫೋನಲ್ಲಿ ಹಿಡಿತಾನೆ. ಫ್ರಿಜ್ಜಿನ ಗುಂಯ್, ಬಸ್ಸಿನ ಬಾಗಿಲು, ಏನಾದ್ರೂ. ಅದನ್ನ ನಿಧಾನ ಮಾಡಿ ಮಾಡಿ ಆಳಕ್ಕೆ ಇಳಿಸಿ ಒರಟು ಪದರ ಮಾಡ್ತಾನೆ. ಒಂದ್ಸಲ ನಾನು ಇಲ್ಲೇ ಮಲಗಿ ಗೊರಕೆ ಹೊಡೆದಿದ್ದನ್ನೂ ಬಿಡಲಿಲ್ಲ. ಆ ಹಾಡು ಎಲ್ಲಾ ಕಾಫಿ ಅಂಗಡೀಲೂ ಹಾಕ್ತಿದ್ರು."

ಅವನ ಧ್ವನಿ ಒಡೆಯಿತು. "ಮಂಗಳವಾರ ಕಳಿಸಿದ್ದನ್ನ ನಾನು ತೆಗೆದು ಕೂಡ ನೋಡಲಿಲ್ಲ ಮೇಡಂ. ಎರಡೂ ಒಂದೇ ಅಂದ್ಕೊಂಡಿದ್ದೆ. ಅವತ್ತೇ ಕೇಳಿ ಒಂದು ಒಳ್ಳೇ ಮಾತು ಹೇಳಿದ್ರೆ ಹೋಗ್ತಿರಲಿಲ್ವೇನೋ."

ಅವನಿಗಾಗಿ ಮರುಗಲು ನನ್ನ ಬಳಿ ಏನೂ ಉಳಿದಿರಲಿಲ್ಲ.

"ಗುರುವಾರದ್ದು ಹಾಕು," ಎಂದೆ.

ಕೇಳಿದೆ. ಈ ಸಲ ಕಿವಿಗೂ ಬಂತು. ಕೆಳಗೆ ಅದೇ ನಡುಕ, ಅದರ ಮೇಲೆ ಹೊಟ್ಟೆ ಹಸಿದ ದೊಡ್ಡ ಪ್ರಾಣಿಯ ಗುರುಗುರು. ನಡುನಡುವೆ ಏನೋ 'ದುಮ್' ಎಂದು ಕುಕ್ಕುತ್ತಿತ್ತು. ಚೆನ್ನಾಗಿತ್ತೋ ಇಲ್ಲವೋ ನನಗೆ ತಿಳಿಯದು. ಹೆದರಿಕೆಯಾಯಿತು.

"ಆಳಕ್ಕೆ ಇಳಿಸಿದ್ದನ್ನ ಮತ್ತೆ ಮೇಲೆ ತರಬಹುದಾ? ಮೊದಲು ಅವನು ಹಿಡಿದ ಶಬ್ದ ಹೇಗಿತ್ತೋ ಹಾಗೆ?"

ಇಲ್ಹೂ ನನ್ನನ್ನೇ ನೋಡಿದ. ಇಷ್ಟು ದಿನ ಅದು ಅವನ ತಲೆಗೇ ಹೊಳೆದಿರಲಿಲ್ಲವೆಂದು ಮುಖವೇ ಹೇಳುತ್ತಿತ್ತು. ಶಬ್ದ ಸಿಕ್ಕರೆ ಸಾಕಿತ್ತು ಅವನಿಗೆ, ಅದು ಎಲ್ಲಿಂದ ಬಂತೆಂಬುದು ಬೇಕಿರಲಿಲ್ಲ.

"ತರಬಹುದು," ಎಂದ ಮೆಲ್ಲಗೆ. "ಅವನು ಪದರಗಳನ್ನ ಬೇರೆಬೇರೆಯಾಗೇ ಕಳಿಸಿದ್ದಾನೆ. ಕೆಳಗಿನ ಅಲೆ ಮುಚ್ಚಿ, ಮೇಲಿನದನ್ನ ವೇಗ ಮಾಡಿದ್ರೆ ಆಯ್ತು. ಅವನು ಕೂತಿದ್ದ ಜಾಗ ಕೇಳಿಸುತ್ತೆ."

ಒಂದು ಪದರ ಮುಚ್ಚಿದ. ನೆಲದ ನಡುಕ ನಿಂತಿತು. ಉಳಿದ ಗುರುಗುರುವನ್ನು ದುಪ್ಪಟ್ಟು ವೇಗಕ್ಕೆ ತಂದ. ಪ್ರಾಣಿ ಚಿಕ್ಕದಾಯಿತು. ಮತ್ತೆ ದುಪ್ಪಟ್ಟು. ಲಾರಿಯೋ ದೋಣಿಯೋ ಎನ್ನುವಂತಾಯಿತು. ದೋಣಿಯೇ ಇರಲಪ್ಪಾ, ಯಾವುದಾದರೂ ದೋಣಿಯವನು ಎತ್ತಿಕೊಂಡಿರಲಿ ಎಂದು ನಾನು ಒಳಗೊಳಗೇ ಬೇಡಿಕೊಂಡೆ. ಇನ್ನೊಂದು ಸಲ ದುಪ್ಪಟ್ಟು.

ಗೊರ್ರ್... ಟಕ್. ಗೊರ್ರ್... ಟಕ್.

ನಾನು ಚೀಲವನ್ನು ಅವಚಿ ಹಿಡಿದೆ.

"ಏನಿದು? ರೈಲಾ?" ಇಲ್ಹೂ ಕೇಳಿದ.

ಮೊಣಕಾಲ ಮೇಲಿದ್ದ ಚೀಲದಿಂದ ಎಳ್ಳೆಣ್ಣೆ ವಾಸನೆ ಏಳುತ್ತಿತ್ತು. ಬುಧವಾರ ಬೆಲ್ಟು ಹರಿಯಿತು. ಬುಧವಾರ ಕೊಂಡಿ ಹಾಕಿದಳು. ಟಕ್ ಶುರುವಾದದ್ದು ಅವತ್ತಿನಿಂದ. ಬೇಸಿಗೆಯಿಂದ ಹೊಸ್ತಿಲು ತುಳಿದಿಲ್ಲವೆಂದ ಹುಡುಗ, ಬೂಟು ನದಿ ದಂಡೆಯಲ್ಲಿ ಸಿಕ್ಕ ಮೇಲೆ, ಆ ಕುಂಟು ಯಂತ್ರದ ಪಕ್ಕ ಕೂತು ಅದರ ಶಬ್ದ ಹಿಡಿದಿದ್ದ. ಮಂಗಳವಾರದ ನಂತರದ್ದೇನೂ ಇಲ್ಲದ ಆ ಲ್ಯಾಪ್‌ಟಾಪನ್ನು ನನ್ನ ಕೈಗಿತ್ತವಳೂ ಅವಳೇ.

ಮತ್ತೆ ಆ ಹಿತ್ತಾಳೆ ಬಟ್ಟಲು. ಅದರ ಅನ್ನ ಉಂಡವನು ಆ ಮನೆಯಲ್ಲೇ ಇದ್ದ. ಅಳತೆ ತಪ್ಪಿದ್ದು ಅವಳಲ್ಲ, ನಾನು.

ಹಾಗಾದರೆ ನನ್ನ ಕೈ ಹಿಡಿದು ಅತ್ತದ್ದೇಕೆ? ಮನೆಯಲ್ಲಿರುವವನನ್ನು ಹುಡುಕಲು ಯಾರಾದರೂ ಆಳು ಇಡುತ್ತಾರೆಯೇ?

ನನ್ನ ಫೋನು ಬಡಿದುಕೊಂಡಿತು. ಗಿರಣಿಯ ಒಳಕೋಣೆಯ ನಂಬರು. ಇಲ್ಹೂಗೆ ಸುಮ್ಮನಿರು ಎಂದು ಸನ್ನೆ ಮಾಡಿ ಎತ್ತಿಕೊಂಡೆ. ಅವನು ಗಾಬರಿಯಲ್ಲಿ ಸ್ಪೀಕರ್ ನಿಲ್ಲಿಸಿದ. ಆದರೂ ಶಬ್ದ ನಿಲ್ಲಲಿಲ್ಲ. ಅದು ಈಗ ಫೋನಿನೊಳಗಿಂದ ಬರುತ್ತಿತ್ತು. ಗೊರ್ರ್, ಟಕ್. ಇಲ್ಹೂನ ಬಾಯಿ ತೆರೆದೇ ಉಳಿಯಿತು.

"ಅಕ್ಕಾ," ಯೋನ್ರಿಯ ಧ್ವನಿ ಸಣ್ಣಗಿತ್ತು. "ಇಲ್ಹೂ ಅಣ್ಣ ಏನಂದ? ನಮ್ಮ ದೋಗ್ಯಮ್ ವಿಷಯ ಏನಾದ್ರೂ..."

"ಊಟ ಆಯ್ತಾ ಯೋನ್ರೀ?"

"ಆಂ? ಆಯ್ತು ಅಕ್ಕಾ."

"ಒಬ್ಬಳೇ ಇದ್ದೀಯಾ?"

"ಇನ್ಯಾರಿರ್ತಾರೆ? ಒಬ್ಬಳೇ."

"ಮತ್ತೆ ದೋಗ್ಯಮ್‌ದು ಊಟ ಆಯ್ತಾ?"

ಯಂತ್ರ ಮಾತ್ರ ಇನ್ನೂ ಎರಡು ಸುತ್ತು ಕುಂಟಿತು. ಆಮೇಲೆ ಅದು ಕೂಡ ನಿಂತಿತು.

ಆ ಯಂತ್ರದ ಗುಂಡಿ ಇರುವುದು ಬೀದಿಬಾಗಿಲ ಗೋಡೆಯ ಮೇಲೆ. ಯೋನ್ರಿ ಇದ್ದದ್ದು ಒಳಕೋಣೆಯಲ್ಲಿ, ಫೋನು ಹಿಡಿದುಕೊಂಡು. ಅವಳ ಉಸಿರು ನನ್ನ ಕಿವಿಗೆ ಕೇಳುತ್ತಲೇ ಇತ್ತು.

"ಅಕ್ಕಾ," ಎಂದಳು ಕೊನೆಗೆ, ತುಟಿ ಅಲುಗದಷ್ಟು ಮೆಲ್ಲಗೆ. "ಹುಡುಕಿಕೊಡಿ ಅಂತ ನಾನು ನಿಮ್ಮ ಹತ್ರ ಬರ್ಲಿಲ್ಲ. ಅವನು ಸತ್ತ ಅಂತ ಎಲ್ಲರೂ ನಂಬಲಿ ಅಂತ, ಈಗ ಗುಂಡಿ ಒತ್ತಿದೋರೇ ಹಾಗೆ ಹೇಳು ಅಂತ ನನ್ನನ್ನ ಕಳಿಸಿದ್ರು."